ನಿಮಗಿದು ಗೊತ್ತೇ? ಎರಡನೇ ಸಲ ನಡೆಯಲು ಕಲಿಯುವವರು

ಕೈಕಾಲಿನ ಹಿಡಿತ ತಪ್ಪಿದವರಿಗೆ ವ್ಯಾಯಾಮವೇ ಮದ್ದಾಗಬಲ್ಲದು ಎಂದು ಒಬ್ಬ ವೈದ್ಯನಿಗೆ ಹೊಳೆದದ್ದು ಒಬ್ಬ ರೋಗಿಯ ಹಟದಿಂದ. 1880ರ ದಶಕದ ಕೊನೆಯ ಮಾತು. ಸ್ವಿಟ್ಜರ್ಲೆಂಡಿನ ಹೈಡೆನ್ ಎಂಬ ಊರಿನಲ್ಲಿದ್ದ ಹೈನ್‌ರಿಖ್ ಫ್ರೆಂಕೆಲ್ ಒಬ್ಬ ರೋಗಿಗೆ ಬೆರಳಿನಿಂದ ಮೂಗಿನ ತುದಿ ಮುಟ್ಟಲು ಹೇಳಿದರು. ಬೆರಳು ಎಲ್ಲೆಲ್ಲಿಗೋ ಹೋಯಿತು. ಇದರಲ್ಲಿ ಗೆಲ್ಲುವುದು ಹೇಗೆ ಎಂದು ರೋಗಿ ಕೇಳಿದ. ಅಭ್ಯಾಸ ಮಾಡು ಎಂದರು ವೈದ್ಯರು. ಕೆಲವು ತಿಂಗಳು ಕಳೆದು ಅವನು ಮತ್ತೆ ಬಂದಾಗ ಬೆರಳು ನೇರವಾಗಿ ಮೂಗಿಗೆ ಹೋಗುತ್ತಿತ್ತು. ಕಾಯಿಲೆ ಹಾಗೆಯೇ ಇತ್ತು, ಕೈ ಮಾತ್ರ ಕಲಿತಿತ್ತು. ಆ ಅಚ್ಚರಿಯಿಂದ ಹುಟ್ಟಿದ 'ಫ್ರೆಂಕೆಲ್ ವ್ಯಾಯಾಮ'ಗಳನ್ನು ಇಂದಿಗೂ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಕಲಿಸುತ್ತಾರೆ. ನೆಲದ ಮೇಲೆ ಹೆಜ್ಜೆಗುರುತು ಬರೆದು, ಪಾದವನ್ನು ಕಣ್ಣಿನಿಂದಲೇ ನೋಡುತ್ತ, ಒಂದೊಂದಾಗಿ ಅದರ ಮೇಲಿಡುವುದು ಅವುಗಳಲ್ಲೊಂದು. ಪಾದ ಎಲ್ಲಿದೆ ಎಂದು ನರ ತಿಳಿಸದಿದ್ದರೆ ಆ ಕೆಲಸವನ್ನು ಕಣ್ಣಿಗೆ ಒಪ್ಪಿಸುವುದು ಇದರ ಉಪಾಯ.

ನಡಿಗೆಯನ್ನೇ ಕೆಡಿಸುವ ಇನ್ನೊಂದು ಕಾಯಿಲೆ ಪಾರ್ಕಿನ್ಸನ್. ಅದಕ್ಕೆ ಆ ಹೆಸರು ಬಂದದ್ದು ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್‌ರಿಂದ. 'ನಡುಗುವ ಪಾರ್ಶ್ವವಾಯು' ಎಂದು ಹೆಸರಿಟ್ಟು 1817ರಲ್ಲಿ ಅವರು ಬರೆದ ಪ್ರಬಂಧದಲ್ಲಿ ಇರುವುದು ಆರೇ ಆರು ಜನರ ವಿವರ. ಅವರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ! ಮುಂದಕ್ಕೆ ಬಾಗಿದ ಮೈ, ಓಡುವಂತಹ ಚಿಕ್ಕ ಚಿಕ್ಕ ಹೆಜ್ಜೆ. ನಡಿಗೆ ನೋಡಿಯೇ ಕಾಯಿಲೆ ಗುರುತಿಸಿದ್ದರು. ಅವರು ಹುಟ್ಟಿದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ.

ಈ ಕಾಯಿಲೆಯವರಲ್ಲಿ ಹಲವರು ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ನಿಂತುಬಿಡುತ್ತಾರೆ. ಪಾದವನ್ನು ಯಾರೋ ನೆಲಕ್ಕೆ ಅಂಟಿಸಿದಂತೆ. ಹೆಚ್ಚಾಗಿ ಇದು ಆಗುವುದು ಬಾಗಿಲಲ್ಲಿ, ತಿರುವಿನಲ್ಲಿ, ಇಕ್ಕಟ್ಟಾದ ಜಾಗದಲ್ಲಿ. ನಮ್ಮ ಮನೆಯಲ್ಲಿ ಅಪ್ಪ ಹೀಗೆ ದೇವರ ಕೋಣೆಯ ಹೊಸ್ತಿಲ ಮುಂದೆ ನಿಂತುಬಿಡುತ್ತಿದ್ದರು. "ಬನ್ನಿ ಅಪ್ಪ, ಬೇಗ ಬನ್ನಿ" ಎಂದು ನಾವು ಕೈ ಹಿಡಿದು ಎಳೆಯುತ್ತಿದ್ದೆವು. ಎಳೆದಷ್ಟೂ ಮೈ ಮುಂದೆ ಬರುತ್ತಿತ್ತು, ಕಾಲು ಬರುತ್ತಿರಲಿಲ್ಲ. ಒಂದು ದಿನ ಮನೆಗೆ ಬಂದ ಫಿಸಿಯೋ ಆ ಬಾಗಿಲ ಮುಂದೆ ನೆಲದ ಮೇಲೆ ನಾಲ್ಕು ಹಳದಿ ಟೇಪುಗಳನ್ನು ಒಂದೊಂದು ಹೆಜ್ಜೆ ದೂರಕ್ಕೆ ಅಡ್ಡಡ್ಡ ಅಂಟಿಸಿ, "ಯಜಮಾನರೇ, ಈ ಗೆರೆ ದಾಟಿ" ಎಂದರಷ್ಟೇ. ಅಪ್ಪ ದಾಟಿದರು. ನಾಲ್ಕನ್ನೂ ದಾಟಿ ದೇವರ ಮುಂದೆ ನಿಂತರು. ಅಮ್ಮ ಅಳುತ್ತಿದ್ದಳು.

ಅದರಲ್ಲಿ ಮಂತ್ರವೇನೂ ಇಲ್ಲ. ಯೋಚಿಸದೆ ತಾನೇ ತಾನಾಗಿ ನಡೆಯುವ ನಡಿಗೆಯನ್ನು ಮಿದುಳಿನ ಒಳಭಾಗದ ಒಂದು ಜಾಲ ನಡೆಸುತ್ತದೆ. ಪಾರ್ಕಿನ್ಸನ್ ಹಾಳು ಮಾಡುವುದು ಅದನ್ನೇ. ಎದುರಿಗೆ ಗೆರೆ ಕಂಡು ಅದನ್ನು ದಾಟಬೇಕೆಂದು ಮನಸ್ಸು ಮಾಡಿದಾಗ ಕೆಲಸ ಬೇರೆ ದಾರಿಯಲ್ಲಿ ಸಾಗುತ್ತದೆ. ನೆಲದ ಗೆರೆಗಳ ಈ ಗುಣವನ್ನು ಜೇಮ್ಸ್ ಪರ್ಡನ್ ಮಾರ್ಟಿನ್ ಎಂಬ ನರವೈದ್ಯರು 1967ರಲ್ಲೇ ದಾಖಲಿಸಿದ್ದಾರೆ.

ಗೆರೆಯ ಕೆಲಸವನ್ನು ತಾಳವೂ ಮಾಡುತ್ತದೆ. ಸಮಗತಿಯ ತಾಳಕ್ಕೆ ಹೆಜ್ಜೆ ಹಾಕುವುದನ್ನು ದಿನವೂ ರೂಢಿಸಿಕೊಂಡರೆ ಪಾರ್ಕಿನ್ಸನ್ ಇರುವವರ ನಡಿಗೆಯ ವೇಗ, ಹೆಜ್ಜೆಯ ಉದ್ದ ಎರಡೂ ಹೆಚ್ಚುತ್ತವೆಂದು ಮೈಕೆಲ್ ಥೌಟ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿಕೊಟ್ಟರು. ಮೊಬೈಲಿನ ಮೆಟ್ರೊನೋಮ್ ಆ್ಯಪ್ ಸಾಕು. ಅದೂ ಬೇಡವೆಂದರೆ ಜೊತೆಗಿರುವವರು ಒಂದು, ಎರಡು ಎಂದು ಎಣಿಸುತ್ತ ಚಪ್ಪಾಳೆ ತಟ್ಟಿದರೂ ನಡೆಯುತ್ತದೆ.

ನಡೆಯಲಾಗದವರು ಸೈಕಲ್ ಹೊಡೆಯಬಲ್ಲರೇ? ಹೊಡೆದಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ಹತ್ತು ವರ್ಷಗಳಿಂದ ಪಾರ್ಕಿನ್ಸನ್ ಇದ್ದ 58 ವರ್ಷದ ಒಬ್ಬರಿಗೆ ಹಿಡಿದುಕೊಂಡರೂ ನಾಲ್ಕು ಹೆಜ್ಜೆ ಇಡುವುದು ಕಷ್ಟವಾಗಿತ್ತು. ಸೈಕಲ್ ಏರಿದರೆ ಮಾತ್ರ ಸಲೀಸಾಗಿ ತುಳಿದು, ತಿರುಗಿಸಿಕೊಂಡು ಬರುತ್ತಿದ್ದರು. ಇಳಿದೊಡನೆ ಮತ್ತೆ ಕಾಲು ಅಂಟಿಕೊಳ್ಳುತ್ತಿತ್ತು. 2010ರಲ್ಲಿ ಈ ವಿವರ ಅಮೆರಿಕದ ಹೆಸರಾಂತ ವೈದ್ಯಪತ್ರಿಕೆಯಲ್ಲಿ ವಿಡಿಯೊ ಸಮೇತ ಬಂತು. ಇದನ್ನು ಓದಿ ಮನೆಯ ಹಿರಿಯರನ್ನು ರಸ್ತೆಗೆ ಸೈಕಲ್ ಕೊಟ್ಟು ಕಳಿಸಬೇಡಿ. ಒಂದೇ ಜಾಗದಲ್ಲಿ ನಿಲ್ಲಿಸಿದ ವ್ಯಾಯಾಮದ ಸೈಕಲ್ಲು ಇದೆಯಲ್ಲ, ಅದು ಸಾಕು.

ಪಾರ್ಕಿನ್ಸನ್‌ನಲ್ಲಿ ಎಲ್ಲವೂ ಕುಗ್ಗುತ್ತದೆ. ಅಕ್ಷರ ಇರುವೆಯಾಗುತ್ತದೆ, ದನಿ ಪಿಸುಮಾತಾಗುತ್ತದೆ, ಹೆಜ್ಜೆ ಗೇಣಾಗುತ್ತದೆ. ಆದರೆ ಕಾಯಿಲೆ ಇರುವವರಿಗೆ ಅದು ಗೊತ್ತಾಗುವುದಿಲ್ಲ. ತಾವು ಸರಿಯಾಗಿಯೇ ಮಾತಾಡುತ್ತಿದ್ದೇವೆ, ಕೇಳುವವರ ಕಿವಿಯೇ ಮಂದ ಎಂದುಕೊಳ್ಳುತ್ತಾರೆ. ಅದಕ್ಕೆಂದೇ ಇರುವ ತರಬೇತಿಯ ಒಂದೇ ಸೂತ್ರ: ಗಟ್ಟಿಯಾಗಿ. 1987ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಶುರುವಾದ ಈ ಧ್ವನಿ ತರಬೇತಿಗೆ ಲೀ ಸಿಲ್ವರ್‌ಮನ್ ಎಂಬ ಪಾರ್ಕಿನ್ಸನ್ ರೋಗಿಯ ಹೆಸರೇ ಇದೆ. ಮುಂದೆ ಅದೇ ಸೂತ್ರವನ್ನು ಕೈಕಾಲಿಗೂ ಹೊಂದಿಸಿದರು. ಅಲ್ಲಿನ ಸೂತ್ರ: ದೊಡ್ಡದಾಗಿ. ಅತಿಯಾಯಿತು ಅನ್ನಿಸುವಷ್ಟು ದೊಡ್ಡ ಹೆಜ್ಜೆ, ಅತಿಯಾಯಿತು ಅನ್ನಿಸುವಷ್ಟು ಅಗಲಕ್ಕೆ ಚಾಚಿದ ತೋಳು. ಅವರಿಗೆ ಅತಿ ಅನ್ನಿಸಿದ್ದು ನೋಡುವವರಿಗೆ ಸಹಜವಾಗಿ ಕಾಣುತ್ತದೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮೋರಿಸ್ ನೃತ್ಯತಂಡ 2001ರಿಂದ ಪಾರ್ಕಿನ್ಸನ್ ಇರುವವರಿಗೆ ನೃತ್ಯ ಕಲಿಸುತ್ತಿದೆ. ಇಂಡಿಯಾನಾದಲ್ಲಿ 2006ರಿಂದ ಬಾಕ್ಸಿಂಗ್ ತರಗತಿಯೇ ಇದೆ. ಅಲ್ಲಿ ಗುದ್ದುವುದು ಚೀಲಕ್ಕೆ, ಒಬ್ಬರಿಗೊಬ್ಬರಲ್ಲ. ಚೀನಾದ ತೈಚಿ 24 ವಾರ ಕಲಿತವರು ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಸಲ ಬಿದ್ದರು ಎಂದು 195 ಪಾರ್ಕಿನ್ಸನ್ ರೋಗಿಗಳ ಅಧ್ಯಯನವೊಂದು 2012ರಲ್ಲಿ ಹೇಳಿತು.

ನಮ್ಮ ಬೇಲಿಗಳ ಮೇಲೆ ಹಬ್ಬುವ, ಮೈಗೆ ತಾಗಿದರೆ ಕೆರೆದು ಕೆರೆದು ಸಾಕಾಗುವ ನಸುಗುನ್ನಿ ಗೊತ್ತಲ್ಲ? ಪಾರ್ಕಿನ್ಸನ್‌ಗೆ ಇಂದಿಗೂ ಮುಖ್ಯ ಔಷಧವಾಗಿರುವ ಲೆವೊಡೋಪಾ ಆ ಬೀಜದಲ್ಲಿದೆ. ಅದನ್ನು ಬೀಜದಿಂದ ಬೇರ್ಪಡಿಸಿದ ಸುದ್ದಿಯನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು 1937ರಲ್ಲಿ ಪ್ರಕಟಿಸಿದರು. ಹಾಗೆಂದು ಬೀಜವನ್ನು ಅರೆದು ಕುಡಿಯುವುದು ಅಪಾಯ, ಪ್ರಮಾಣ ತಪ್ಪುತ್ತದೆ. ವ್ಯಾಯಾಮಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಮಾತ್ರೆ ನುಂಗಿದ ಮೇಲೆ ಮೈ ಸಡಿಲವಾಗಿ ಓಡಾಡುವ ಒಂದು ಹೊತ್ತು ಇರುತ್ತದೆ. ಹೊಸ ವ್ಯಾಯಾಮ ಕಲಿಸಲು ಆ ಹೊತ್ತೇ ಒಳ್ಳೆಯದು. ಬೆಳಗಿನ ಮಾತ್ರೆಗೆ ಮುಂಚೆ, ಮೈ ಮರದಂತಿದ್ದಾಗ ಎಬ್ಬಿಸಿ "ಎಕ್ಸರ್‌ಸೈಜ್ ಮಾಡಿ" ಎಂದು ಒತ್ತಾಯಿಸಿದರೆ ಅವರಿಗೆ ಅದರ ಮೇಲೆ ಜಿಗುಪ್ಸೆ ಹುಟ್ಟುತ್ತದೆ.

ಇನ್ನು ಲಕ್ವದ ಮಾತು.

ಒಂದು ಕೈ ಬಿದ್ದುಹೋದಾಗ ಮನುಷ್ಯ ಸಹಜವಾಗಿ ಇನ್ನೊಂದು ಕೈಯಿಂದ ಎಲ್ಲ ಮಾಡಿಕೊಳ್ಳುತ್ತಾನೆ. ದಿನ ಕಳೆದಂತೆ, ಬಿದ್ದ ಕೈಗೆ ಸ್ವಲ್ಪ ಶಕ್ತಿ ಮರಳಿದ್ದರೂ ಮಿದುಳು ಅದನ್ನು ಕರೆಯುವುದನ್ನೇ ಬಿಟ್ಟಿರುತ್ತದೆ. ಅಂದರೆ ಬಳಸದೇ ಇರುವುದನ್ನೂ ನಾವು ಕಲಿತುಬಿಡುತ್ತೇವೆ. ಎಡ್ವರ್ಡ್ ಟೌಬ್ ಎಂಬ ಅಮೆರಿಕದ ಮನೋವಿಜ್ಞಾನಿ ಇದಕ್ಕೆ ಕಂಡುಕೊಂಡ ಉಪಾಯ ನೇರವಾದದ್ದು: ಒಳ್ಳೆಯ ಕೈಗೆ ದಪ್ಪ ಕೈಗವಸು ತೊಡಿಸಿ ಕಟ್ಟಿಹಾಕುವುದು! ಎರಡು ವಾರ, ಎಚ್ಚರವಿರುವ ಹೊತ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲು. ಊಟ, ಗುಂಡಿ ಹಾಕುವುದು, ಲೋಟ ಎತ್ತುವುದು ಎಲ್ಲವೂ ಸೋತ ಕೈಯಿಂದಲೇ. ಜೊತೆಗೆ ದಿನಕ್ಕೆ ಹಲವು ಗಂಟೆ ತರಬೇತಿ. ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರ ಮೇಲೆ ನಡೆದ ಪರೀಕ್ಷೆಯ ಫಲ 2006ರಲ್ಲಿ ಹೊರಬಂತು. ಕೈಯ ಕೆಲಸ ಸುಧಾರಿಸಿತ್ತು, ಒಂದು ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಎತ್ತಲು ಬರುವವರಿಗೆ ಮಾತ್ರ ಇದು ಹೊಂದುತ್ತದೆ, ಪೂರ್ತಿ ಜಡವಾದ ಕೈಗಲ್ಲ.

ಕೈ ಪೂರ್ತಿ ಜಡವಾದವರಿಗೆ? ಅಲ್ಲಿ ಕನ್ನಡಿ ನೆರವಿಗೆ ಬರುತ್ತದೆ. ಎದೆಯ ನೇರಕ್ಕೆ ಮೇಜಿನ ಮೇಲೆ ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಇಟ್ಟು, ಒಳ್ಳೆಯ ಕೈ ಆಡಿಸುತ್ತ ಅದರ ಬಿಂಬವನ್ನೇ ನೋಡುವುದು. ಬಿದ್ದ ಕೈಯೇ ಆಡುತ್ತಿರುವಂತೆ ಕಾಣುತ್ತದೆ. ಕತ್ತರಿಸಿಹೋದ ಕೈಯಲ್ಲಿ ನೋವು ಕಾಣುವವರಿಗೆಂದು ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕಂಡುಕೊಂಡ ಈ ಉಪಾಯವನ್ನು 1999ರಲ್ಲಿ ಲಕ್ವದವರ ಮೇಲೂ ಪ್ರಯೋಗಿಸಿ ನೋಡಿದರು. ಇಂದು ಅದು ಬಹಳ ಕಡೆ ಬಳಕೆಯಲ್ಲಿದೆ. ಖರ್ಚು ಒಂದು ಕನ್ನಡಿಯದಷ್ಟೇ.

ಬರೀ ಮನಸ್ಸಿನಲ್ಲಿ ಮಾಡಿದ ಅಭ್ಯಾಸವೂ ವ್ಯರ್ಥವಲ್ಲ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಿಯಾನೊ ಮನೆಗಳ ಮೇಲೆ ಬೆರಳಾಡಿಸುವುದನ್ನು ಐದು ದಿನ ಕೇವಲ ಊಹಿಸಿಕೊಂಡವರ ಮಿದುಳಿನಲ್ಲೂ ಬೆರಳಿನ ನೆಲೆ ಹಿಗ್ಗಿತ್ತು, ನಿಜವಾಗಿ ನುಡಿಸಿದವರಲ್ಲಿ ಹಿಗ್ಗಿದಂತೆಯೇ.

ಹಾಗಾದರೆ ಎಷ್ಟು ಸಲ ಮಾಡಬೇಕು? ಈ ಪ್ರಶ್ನೆಯನ್ನೇ ನಾವು ಕೇಳುವುದಿಲ್ಲ. 'ಫಿಸಿಯೋಥೆರಪಿ ಕೊಡಿಸುತ್ತಿದ್ದೇವೆ' ಎನ್ನುತ್ತೇವೆ, ಲೆಕ್ಕ ಇಡುವುದಿಲ್ಲ. ಅಮೆರಿಕ, ಕೆನಡಾಗಳ ಚಿಕಿತ್ಸಾ ಕೇಂದ್ರಗಳಲ್ಲಿ ಕೂತು ಎಣಿಸಿದ ಸಂಶೋಧಕರು 2009ರಲ್ಲಿ ಬರೆದದ್ದು ಹೀಗೆ: ಒಂದು ಅವಧಿಯಲ್ಲಿ ಸೋತ ಕೈ ಉಪಯೋಗದ ಕೆಲಸ ಮಾಡುತ್ತಿದ್ದದ್ದು ಸರಾಸರಿ 32 ಸಲ. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ಕಂಡ ಪ್ರಯೋಗಗಳಲ್ಲಾದರೋ ದಿನಕ್ಕೆ ನೂರಾರು ಸಲ. ಪಿಟೀಲು ಕಲಿಯುವ ಮಗು ಸರಳೆ ವರಸೆಯನ್ನು ಎಷ್ಟು ಸಲ ನುಡಿಸುತ್ತದೆ ಎಂದು ನೆನೆಸಿಕೊಳ್ಳಿ. ಕೈಗೂ ಅಷ್ಟೇ ಬೇಕು. ಫಿಸಿಯೋ ಬಂದುಹೋಗುವ ಮುಕ್ಕಾಲು ಗಂಟೆಯಲ್ಲಿ ಅದು ಆಗುವ ಕೆಲಸವಲ್ಲ. ಉಳಿದ ದಿನವೆಲ್ಲ ಏನು ನಡೆಯುತ್ತದೆ ಎಂಬುದರ ಮೇಲೆ ಚೇತರಿಕೆ ನಿಂತಿದೆ.

ಹಾಗೆಂದು ಮೊದಲ ದಿನವೇ ಹಟ ಹಿಡಿಯುವಂತಿಲ್ಲ. ಲಕ್ವ ಹೊಡೆದ 24 ಗಂಟೆಯೊಳಗೆ ರೋಗಿಯನ್ನು ಎಬ್ಬಿಸಿ ಹೆಚ್ಚು ಹೆಚ್ಚು ನಡೆಸಿದರೆ ಬೇಗ ಗುಣವಾಗಬಹುದೆಂದು ಐದು ದೇಶಗಳ 2104 ಜನರ ಮೇಲೆ ಪರೀಕ್ಷಿಸಿದರು. 2015ರಲ್ಲಿ ಬಂದ ಫಲಿತಾಂಶ ತಿರುಗುಮುರುಗಾಗಿತ್ತು: ಎಂದಿನ ಆರೈಕೆ ಪಡೆದವರೇ ಹೆಚ್ಚು ಚೇತರಿಸಿಕೊಂಡಿದ್ದರು. ಮೊದಲ ದಿನ ಅಳತೆ ಮೀರಿದ ಓಡಾಟ ಬೇಡ, ಎಷ್ಟು ಮತ್ತು ಯಾವಾಗ ಎಂಬುದನ್ನು ಆಸ್ಪತ್ರೆಯವರು ನಿರ್ಧರಿಸಲಿ.

ಲಕ್ವದ ಆರೈಕೆಯನ್ನು ಮನೆಯವರಿಗೇ ಕಲಿಸಿ ಬಿಟ್ಟರೆ ಹೇಗೆ? ಭಾರತದಲ್ಲೇ 14 ಆಸ್ಪತ್ರೆಗಳ 1250 ರೋಗಿಗಳ ಮೇಲೆ ಈ ಪರೀಕ್ಷೆ ನಡೆಯಿತು. 2017ರಲ್ಲಿ ಉತ್ತರ ಬಂತು: ಆರು ತಿಂಗಳ ಕೊನೆಗೆ ಹಾಗೆ ಮನೆಯವರಿಗೆ ಕಲಿಸಿದ ಗುಂಪಿಗೂ ಎಂದಿನ ಆರೈಕೆಯ ಗುಂಪಿಗೂ ವ್ಯತ್ಯಾಸವಿರಲಿಲ್ಲ. ಓದಿದಾಗ ನನಗೆ ಬೇಸರವಾಯಿತು. ತರಬೇತಾದ ಫಿಸಿಯೋಗಳೇ ನಮ್ಮ ತಾಲ್ಲೂಕುಗಳಿಗೆ ಬೇಕು, ಮನೆಯವರ ಅಕ್ಕರೆಯ ತಲೆಗೆ ಆ ಭಾರವನ್ನೆಲ್ಲ ಹೊರಿಸಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ ಎಂದೇ ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ಮನೆಯವರು ಖಂಡಿತ ತಿಳಿದಿರಬೇಕಾದ ಒಂದು ಸಂಗತಿ. ಲಕ್ವ ಹೊಡೆದ ಕಡೆಯ ತೋಳನ್ನು ಹಿಡಿದೆಳೆದು, ಇಲ್ಲವೇ ಕಂಕುಳಿಗೆ ಕೈಹಾಕಿ ಎತ್ತಬೇಡಿ. ಸ್ನಾಯು ಸಡಿಲವಾದ ಭುಜದ ಕೀಲು ಜಾರುತ್ತದೆ. ಆಮೇಲೆ ಆ ನೋವು ತಿಂಗಳುಗಟ್ಟಲೆ ವ್ಯಾಯಾಮವನ್ನೇ ತಡೆಯುತ್ತದೆ. ಸೊಂಟದ ಹತ್ತಿರ ಹಿಡಿಯಿರಿ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರಿಗೆ ಬಹುಕಾಲ ವ್ಯಾಯಾಮವೇ ಬೇಡ ಎನ್ನುತ್ತಿದ್ದರು. ಕಾರಣವೂ ಇತ್ತು: ಮೈ ಕಾವೇರಿದರೆ ಅವರ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ ಇದನ್ನು 1890ರಲ್ಲಿ ಗುರುತಿಸಿದ್ದರು. ಮೈ ತಣಿದರೆ ಅದು ಇಳಿಯುತ್ತದೆ. 1996ರ ಅಧ್ಯಯನವೊಂದು ಏರೋಬಿಕ್ ವ್ಯಾಯಾಮದಿಂದ ಇವರಿಗೂ ಲಾಭವೇ ಎಂದು ತೋರಿಸಿದ ಮೇಲೆ ಸಲಹೆ ತಿರುಗಿತು. ಫ್ಯಾನಿನ ಕೆಳಗೆ, ತಂಪು ಹೊತ್ತಿನಲ್ಲಿ, ನಡುನಡುವೆ ಕೂತು ಮಾಡಬೇಕು, ಅಷ್ಟೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಮನೆಯೇ ಗಿರ್ರನೆ ತಿರುಗುವ ತಲೆಸುತ್ತು ವಯಸ್ಸಾದವರಲ್ಲಿ ಸಾಮಾನ್ಯ. ಇದಕ್ಕೆ ಬಹಳ ಸಲ ಕಾರಣ ಒಳಗಿವಿಯಲ್ಲಿ ಜಾಗ ತಪ್ಪಿದ ಸಣ್ಣ ಸುಣ್ಣದ ಹರಳು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ, ಮಲಗಿಸಿ, ಎಬ್ಬಿಸಿ ಆ ಹರಳನ್ನು ಮತ್ತೆ ಅದರ ಗೂಡಿಗೆ ಉರುಳಿಸುವ ವಿಧಾನವನ್ನು ಅಮೆರಿಕದ ಜಾನ್ ಎಪ್ಲಿ ರೂಪಿಸಿ 1992ರಲ್ಲಿ ಪ್ರಕಟಿಸಿದರು. ಕೆಲವೇ ನಿಮಿಷದ ಕೆಲಸ. ವರ್ಷಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗುತ್ತಿರುವವರು ಒಮ್ಮೆ ಇದರ ಬಗ್ಗೆ ಕೇಳಿ ನೋಡಬೇಕು.

"ಇನ್ನು ಈ ವಯಸ್ಸಿನಲ್ಲಿ ಏನು ಎಕ್ಸರ್‌ಸೈಜು" ಎನ್ನುವವರಿಗೆ ನಾನು ಹೇಳುವುದು ಬಾಸ್ಟನ್ನಿನ ಕಥೆ. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನ ದುರ್ಬಲರಿಗೆ ಮರಿಯಾ ಫಿಯಟರೋನೆ ಎಂಬ ವೈದ್ಯೆ ಎಂಟು ವಾರ ಕಾಲಿನಿಂದ ತೂಕ ಎತ್ತುವ ತರಬೇತಿ ಕೊಟ್ಟರು. ಬೆರಳಷ್ಟು ತೂಕವಲ್ಲ, ಅವರು ಎತ್ತಬಲ್ಲ ಗರಿಷ್ಠದ ಬಹುಪಾಲು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತರಬೇತಿ ಮುಗಿಸಿದವರ ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು.

ಇದರ ಇನ್ನೊಂದು ಮುಖ: ಅರವತ್ತು ದಾಟಿದ ಆರೋಗ್ಯವಂತರನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿಟ್ಟ 2007ರ ಪ್ರಯೋಗದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಜ್ವರಕ್ಕೆಂದು ಆಸ್ಪತ್ರೆ ಸೇರಿದ ಅಜ್ಜಿ ಜ್ವರ ಬಿಟ್ಟು ಬಂದರೂ ಎದ್ದು ನಿಲ್ಲಲಾರದೆ ಹೋಗುವುದು ಇದಕ್ಕೇ. ನೀರಿನ ಲೋಟದಿಂದ ಹಿಡಿದು ಎಲ್ಲವನ್ನೂ ಕೂತಲ್ಲಿಗೇ ತಂದುಕೊಡುವ ಮಕ್ಕಳು ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ನಾವೂ ಮಾಡಿದ್ದೆವು. ಅಪ್ಪನ ತೊಡೆ ಸೊರಗಿದ್ದು ನಮಗೆ ಕಂಡದ್ದು ಬಹಳ ತಡವಾಗಿ.

ಹೊಸದಾಗಿ ವ್ಯಾಯಾಮ ಶುರುಮಾಡಿದ ಮೊದಲ ವಾರಗಳಲ್ಲಿ ಹೆಚ್ಚುವ ಬಲ ಸ್ನಾಯು ದಪ್ಪವಾದದ್ದರಿಂದಲ್ಲ, ನರಗಳು ಇದ್ದ ಸ್ನಾಯುವನ್ನೇ ಚೆನ್ನಾಗಿ ಎಬ್ಬಿಸಲು ಕಲಿತದ್ದರಿಂದ.

ನಿಮ್ಮ ಮನೆಯ ಹಿರಿಯರ ಜೊತೆ ನಡೆಯುತ್ತ ಮಾತಾಡಿ ನೋಡಿ. ಉತ್ತರ ಕೊಡಲು ಅವರು ನಿಂತುಬಿಡುತ್ತಾರೆಯೇ? ಸ್ವೀಡನ್ನಿನ ವೃದ್ಧಾಶ್ರಮವೊಂದರ 58 ಜನರಲ್ಲಿ ಹಾಗೆ ನಿಂತವರು 12. ಮುಂದಿನ ಆರು ತಿಂಗಳಲ್ಲಿ ಅವರಲ್ಲಿ 10 ಜನ ಬಿದ್ದರು. 1997ರಲ್ಲಿ ಪ್ರಕಟವಾದ ಈ ಚಿಕ್ಕ ಅಧ್ಯಯನವಾದ ಮೇಲೆ, ನಡೆಯುತ್ತ ಅಂಕಿಗಳನ್ನು ಹಿಮ್ಮುಖವಾಗಿ ಎಣಿಸುವುದು, ತಟ್ಟೆ ಹಿಡಿದು ನಡೆಯುವುದು ಇಂಥವನ್ನೂ ತರಬೇತಿಗೆ ಸೇರಿಸುವುದು ಹೆಚ್ಚಾಯಿತು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ. ಇನ್ನೊಂದು: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲಿರಿ? 70ರಿಂದ 74ರ ಹೆಂಗಸರಿಗೆ 10, ಗಂಡಸರಿಗೆ 12 ಆಗದಿದ್ದರೆ ಕಾಲಿನ ಬಲ ಸಾಲದು. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ದಿನವೂ ವಾಕಿಂಗ್ ಹೋಗುತ್ತೇನೆ, ಬೇರೆ ಏನೂ ಬೇಡ ಎನ್ನುವವರು ಬಹಳ. ಬೀಳುವುದನ್ನು ತಡೆಯಲು ಬರೀ ನಡಿಗೆ ಸಾಲದು, ಸಮತೋಲನಕ್ಕೆ ಸವಾಲು ಬೇಕು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ ರೂಪಿಸಿದ 17 ವ್ಯಾಯಾಮಗಳ ಕ್ರಮದಿಂದ ಬೀಳುವುದು 35 ಪ್ರತಿಶತ ಇಳಿದಿದೆ. ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಿಲ್ಲುವುದು, ಹಿಂದಕ್ಕೆ ನಡೆಯುವುದು, ಕಣಕಾಲಿಗೆ ತೂಕ ಕಟ್ಟಿ ಕಾಲೆತ್ತುವುದು, ಇಂಥವು. ಅಡುಗೆಮನೆಯ ಕಟ್ಟೆ ಹಿಡಿದು ಇವುಗಳಲ್ಲಿ ಹಲವನ್ನು ಮಾಡಬಹುದು.

1952ರ ಪೋಲಿಯೊ ಪಿಡುಗಿನ ಬಳಿಕ, 1953ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇಂಥ ವ್ಯಾಯಾಮ ಕಲಿಸುವವರನ್ನು ತರಬೇತುಗೊಳಿಸುವ ಫಿಸಿಯೋಥೆರಪಿ ಶಾಲೆಯೊಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗವಿದೆ. ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ.

ಕೊನೆಯದಾಗಿ, ಹೆಚ್ಚಿನವರು ಕಲಿಸುವುದನ್ನು ಮರೆಯುವ ಒಂದು ವಿದ್ಯೆ: ಬಿದ್ದ ಮೇಲೆ ಏಳುವುದು. ಮೂಳೆಗೆ ಏನೂ ಆಗದಿದ್ದರೂ ಏಳಲು ಬಾರದೆ ಬಚ್ಚಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದವರಿದ್ದಾರೆ. ಚಾಪೆಯ ಮೇಲೆ ಊಟಕ್ಕೆ ಕೂತು ಎದ್ದು ರೂಢಿಯಿದ್ದ ಮೈಗೆ ಈ ವಿದ್ಯೆ ತಾನಾಗಿ ಉಳಿದಿರುತ್ತಿತ್ತು. ಊಟ, ಪೂಜೆ, ಶೌಚ ಎಲ್ಲವೂ ಕುರ್ಚಿಯ ಎತ್ತರಕ್ಕೆ ಏರಿದ ಮೇಲೆ ಅದನ್ನು ಬೇರೆಯಾಗಿ ಕಲಿಯಬೇಕಾಗಿದೆ. ಫಿಸಿಯೋ ಅಪ್ಪನಿಗೆ ಹೇಳಿಕೊಟ್ಟದ್ದು ಹೀಗೆ. ಮೊದಲು ಗಾಬರಿಯಾಗದೆ ಹಾಗೇ ಮಲಗಿ, ಎಲ್ಲಿ ನೋವಿದೆ ನೋಡಿಕೊಳ್ಳುವುದು. ತೀರಾ ನೋವಿದ್ದರೆ ಏಳದೆ ಕೂಗುವುದು. ಇಲ್ಲದಿದ್ದರೆ ಮಗ್ಗುಲಾಗಿ, ಮೊಣಕೈ ಊರಿ, ಅಂಬೆಗಾಲಿಗೆ ಬರುವುದು. ಹತ್ತಿರದ ಮಂಚ ಅಥವಾ ಗಟ್ಟಿ ಕುರ್ಚಿಯ ತನಕ ತೆವಳುವುದು. ಎರಡೂ ಕೈ ಅದರ ಮೇಲಿಟ್ಟು, ಬಲವಾದ ಕಾಲಿನ ಪಾದವನ್ನು ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕೂರುವುದು. ವಾರಕ್ಕೆರಡು ಸಲ ಚಾಪೆ ಹಾಸಿ ಅಭ್ಯಾಸ ಮಾಡಿಸುತ್ತಿದ್ದರು. ಎದ್ದು ಕೂತೊಡನೆ ನಡೆಯಲು ಬಿಡುತ್ತಿರಲಿಲ್ಲ. ಎರಡು ನಿಮಿಷ ಕೂತು, ತಲೆ ತಿರುಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹಳದಿ ಗೆರೆಗಳ ಕಡೆಗೆ.